ದಾರವಿಲ್ಲದ ಹೊಲಿಗೆ

ಹೊಲಿಗೆ ಮಿಷನ್ನು ನಿಂತು ಸಾಕಷ್ಟು ಹೊತ್ತಾಗಿದ್ದರೂ ಹೊರಕೋಣೆಯಿಂದ ಗಂಡನ ‘ಏನಾಯ್ತು?’ ಎಂಬ ಮಾತು ಬಂದಿರಲಿಲ್ಲ. ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪನ್ನು ಬಿಚ್ಚಿ, ಬಟ್ಟೆಗೆ ಅಂಟಿಕೊಂಡ ಹಳೇ ದಾರದ ಚೂರುಗಳನ್ನು ಉಗುರಿನಿಂದ ಹೆಕ್ಕುತ್ತ ಕೂತಿದ್ದವಳು ತಲೆ ಎತ್ತಿದಳು. ಪೆಡಲಿನಿಂದ ಕಾಲು ತೆಗೆದರೆ ಸಾಕು, ಆ ಪ್ರಶ್ನೆ ಬರುತ್ತಿತ್ತು. ‘ಏನಿಲ್ಲ, ಬಾಬಿನ್ನಿನ ದಾರ ಮುಗೀತು’ ಎಂದೋ ‘ಏನಿಲ್ಲ, ಸೂಜಿ’ ಎಂದೋ ಅವಳು ಇಲ್ಲಿಂದಲೇ ಕೂಗಿ ಹೇಳಿ ಮತ್ತೆ ತುಳಿಯುತ್ತಿದ್ದಳು. ಗಂಡನ ಕಿವಿಯೊಳಗೆ ಬಾಂಬು ಸಿಡಿದ ಆವತ್ತಿನಿಂದ ಒಂದು ಸೀಟಿ ಊದುತ್ತಲೇ ಇದೆ. ಒಂದು ಕಿವಿ ಪೂರ್ತಿ ಹೋಯಿತು, ಉಳಿದ ಕಿವಿಗೆ ಈ ಸೀಟಿ ಗಂಟುಬಿತ್ತು. ಮಿಷನ್ನಿನ ಕಟಕಟ ಕೇಳುತ್ತಿದ್ದರೆ ಅದು ಅಡಗಿದಂತಾಗುತ್ತದೆ ಎಂದು ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಅವನೇ ಹೇಳಿದ್ದ. ಹೇಳಿದ್ದು ಒಂದೇ ಸಲ, ಅವಳು ಅದನ್ನು ಸೆರಗಿನ ಗಂಟಿನಂತೆ ಕಟ್ಟಿಟ್ಟುಕೊಂಡಳು. ಕೆಲಸವಿದ್ದಾಗ ಸರಿಯೇ ಸರಿ, ಇಲ್ಲದಾಗಲೂ ಸೂಜಿಯಿಂದ ದಾರ ಎಳೆದುಹಾಕಿ, ಯಾವುದಾದರೊಂದು ಚಿಂದಿ ಕೆಳಗಿಟ್ಟು ಸುಮ್ಮನೆ ಓಡಿಸುತ್ತಿದ್ದಳು. ಹೊಲಿಗೆಯೇ ಇಲ್ಲದ, ಬರೀ ತೂತುಗಳ ಸಾಲಿನ ಚಿಂದಿಗಳು ಬುಟ್ಟಿಯ ತುಂಬ ಬಿದ್ದಿವೆ. ಹರಿದ ಜಿಪ್ಪು, ಉದ್ದವಾದ ಪ್ಯಾಂಟು, ಬಿಗಿಯಾದ ತೋಳು ಎಂದು ಬರುವ ಬೀದಿಯವರು ಅವಳಿಗೆ ‘ಜಿಪ್ಪಕ್ಕ’ ಎಂದು ಹೆಸರಿಟ್ಟಿದ್ದಾರೆ. ‘ಜಿಪ್ಪಕ್ಕ ಮೈ ಮುರಿದು ದುಡೀತಾಳಪ್ಪ, ಮಿಷನ್ನು ನಿಂತದ್ದೇ ಕಾಣೆ’ ಎನ್ನುತ್ತಾರೆ. ಅದರಲ್ಲಿ ಅರ್ಧ ದುಡಿಮೆ ಗಾಳಿಗೆ ಹೊಲಿದದ್ದು ಎಂದು ಅವರಿಗೇನು ಗೊತ್ತು?

‘ರೀ,’ ಎಂದಳು. ಕೇಳದ ಕಿವಿಯನ್ನು ಈ ಕಡೆ ಮಾಡಿ ನಿದ್ದೆ ಹೋಗಿರಬಹುದು ಎಂದುಕೊಂಡು, ಅಳತೆಯ ಟೇಪು ಕೊರಳಲ್ಲಿ ಇರುವಂತೆಯೇ ಎದ್ದು ಬಂದಳು. ಕುರ್ಚಿ ಖಾಲಿ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಇಟ್ಟ ಕುರ್ಚಿ ಅದು. ಇಡೀ ಮನೆ ಆ ಕುರ್ಚಿಯ ಸುತ್ತಲೇ ಜೋಡಿಸಿಕೊಂಡಿದೆ. ಬಾಗಿಲ ಚೌಕಟ್ಟಿಗೆ ಅವಳೇ ದಪ್ಪ ಬಟ್ಟೆ ಹೊಡೆದು ಕೂರಿಸಿದ್ದಾಳೆ, ಗಾಳಿಗೆ ಧಡಾರೆಂದು ಬಡಿಯಬಾರದೆಂದು. ಪಾತ್ರೆಗಳ ನಡುವೆ ಬಟ್ಟೆಯ ಚೂರುಗಳು. ಕುಕ್ಕರು ಅಟ್ಟ ಸೇರಿ ಎಷ್ಟೋ ಕಾಲವಾಯಿತು. ಮನೆಗೆ ಬಂದವರ ಚೀಲ ನೆಲದ ಮೇಲೆ ಒಂಟಿಯಾಗಿ ಕೂರುವಂತಿಲ್ಲ, ಅದರ ಒಡೆಯರು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಮಾತಾಡಬೇಕು. ಬಚ್ಚಲ ಬಾಗಿಲು ತೆರೆದಿತ್ತು. ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಬಿಟ್ಟರೆ ಯಾರೂ ಇಲ್ಲ. ಅವನ ಫೋನು ಮೇಜಿನ ಮೇಲೇ ಇತ್ತು. ಬಾಗಿಲ ಪಕ್ಕದಲ್ಲಿ ನೋಡಿದಳು, ಶೂ ಇರಲಿಲ್ಲ. ಆಮೇಲೆ ಹೊಳೆಯಿತು, ಅವನು ಹೋದದ್ದು ತನಗೆ ಕೇಳಿಸದಿದ್ದುದು ತನ್ನದೇ ಮಿಷನ್ನಿನಿಂದ, ತಾನೇ ಹೊಡೆದ ಬಾಗಿಲ ಬಟ್ಟೆಯಿಂದ ಎಂದು. ಊಟ ಆದ ಕೂಡಲೇ ಹೊರಟಿರಬೇಕು. ಆಗಿನಿಂದ ಇಲ್ಲಿಯವರೆಗೆ ಅವಳು ಖಾಲಿ ಕುರ್ಚಿಗೆ ತಾಳ ಹಾಕುತ್ತ ಕೂತಿದ್ದಳು.

ಅವನು ಒಬ್ಬನೇ ಹೊರಗೆ ಹೋಗುವುದು ಇನ್ನೂ ಬಹಳ ದೂರದ ಮಾತಾಗಿತ್ತು. ಮಗಳು ಗಂಟುಬಿದ್ದು ಗೊತ್ತು ಮಾಡಿದ ಮನಸ್ಸಿನ ಡಾಕ್ಟರು, ಮಗಳಿಗಿಂತ ಸ್ವಲ್ಪವೇ ದೊಡ್ಡವಳಿರಬೇಕು, ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಟ್ಟಿದ್ದಳು. ಮೊದಲು ಮನೆಯ ಕೆಳಗಿನ ಗೇಟು, ಆಮೇಲೆ ಬೀದಿಯ ತಿರುವು, ಆಮೇಲೆ ಬಸ್ ಸ್ಟಾಪು, ಹೀಗೆ. ‘ಮೊದಲು ನೀವು ಜೊತೆಗೆ ಹೋಗಿ ಅಮ್ಮ, ಆಮೇಲೆ ಸ್ವಲ್ಪ ಹಿಂದೆ ನಡೀರಿ, ಆಮೇಲೆ ಗೇಟಿನಲ್ಲೇ ನಿಂತುಬಿಡಿ. ಅವರು ತಿರುಗಿ ನೋಡಿದಾಗ ನೀವು ಕಾಣಬಾರದು, ಅಲ್ಲಿವರೆಗೆ ಹೋಗಬೇಕು ನಾವು.’ ಎಲ್ಲಕ್ಕಿಂತ ಕೊನೆಯದು ಹಳೇ ಮಾರ್ಕೆಟ್ಟು. ಅದನ್ನು ಈಗ ಯೋಚಿಸುವುದೂ ಬೇಡ ಎಂದಿದ್ದಳು ಡಾಕ್ಟರು. ಅವಳು ತಲೆಯಾಡಿಸಿದ್ದಳು. ತಲೆಯಾಡಿಸಿ ಮನೆಗೆ ಬಂದು, ಮಾರನೆಯ ದಿನ ಬಿಸಿಲು ಜೋರಿದೆ ಎಂದಿದ್ದಳು. ಅದರ ಮಾರನೆಯ ದಿನ ಮೋಡವಾಗಿದೆ ಎಂದಿದ್ದಳು. ಮಗಳು ಫೋನಿನಲ್ಲಿ ಕೇಳಿದರೆ ‘ಅವರಿಗೇ ಮನಸ್ಸಿಲ್ಲ ಕಣೇ, ನಾನೇನು ಕತ್ತು ಹಿಡಿದು ದೂಡಲಾ?’ ಎನ್ನುತ್ತಿದ್ದಳು. ಅವನು ಪಕ್ಕದಲ್ಲೇ ಕೂತು, ಉಳಿದ ಕಿವಿಯಿಂದ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಶೂ ಒರೆಸಿ ಇಟ್ಟಿರುತ್ತಿದ್ದ, ಅಷ್ಟೆ. ಒರೆಸಿಟ್ಟ ಶೂವನ್ನು ಅವಳು ನೋಡಿಯೂ ನೋಡದಂತೆ ದಾಟಿ ಒಳಗೆ ಹೋಗುತ್ತಿದ್ದಳು.

ಮೆಟ್ಟಿಲಿಳಿಯುವಾಗ ಕಾಲು ಒಂದು ಕಡೆ, ಮನಸ್ಸು ಒಂದು ಕಡೆ. ಕೆಳಮನೆಯ ಮುದುಕಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದವಳು ಅವಳನ್ನು ನೋಡಿದ್ದೇ ಮುಖ ಅರಳಿಸಿದಳು. ‘ಯಜಮಾನರು ಹೋದ್ರಲ್ಲಮ್ಮ! ಏನು ಠೀವಿ, ಏನು ನಡಿಗೆ! ಹುಷಾರಾ ಅಜ್ಜಿ ಅಂತ ಅವರೇ ಮಾತಾಡಿಸಿದ್ರು. ನಂಗೆ ಕಣ್ಣಲ್ಲಿ ನೀರೇ ಬಂತು ನೋಡು. ಎಲ್ಲ ನಿನ್ನ ಸೇವೆ ಕಣಮ್ಮ. ಬೇರೆ ಯಾರಾಗಿದ್ರೂ ಬಿಟ್ಟು ಹೋಗ್ತಿದ್ರು.’ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ‘ಯಾವ ಕಡೆ ಹೋದ್ರು?’ ಎಂದಳು. ಮುದುಕಿ ಬಸ್ಸು ಓಡಾಡುವ ರಸ್ತೆಯ ಕಡೆ ಕೈ ತೋರಿ, ‘ಹೇಳಿ ಹೋಗಲಿಲ್ವಾ ನಿಂಗೆ?’ ಎಂದಳು. ಎಷ್ಟು ಪ್ರೀತಿಯಿಂದ ಕೇಳಿದರೂ ಆ ಪ್ರಶ್ನೆಗೆ ಒಂದು ಅಲಗು ಇತ್ತು. ‘ಹೇಳಿದ್ರು, ಹೇಳಿದ್ರು,’ ಎನ್ನುತ್ತ ಅವಳು ಗೇಟು ದಾಟಿದಳು. ದಾಟಿದ ಮೇಲೆ ನೋಡಿಕೊಂಡರೆ ಬಲಗೈಯಲ್ಲಿ, ಏಳುವಾಗ ತಿಳಿಯದೆ ಎತ್ತಿಕೊಂಡಿದ್ದ ದೊಡ್ಡ ಕತ್ತರಿ ಇತ್ತು. ವಾಪಸ್ಸು ಹೋಗಿ ಇಟ್ಟು ಬರಬಹುದಿತ್ತು. ಮುದುಕಿಯ ಮುಂದೆ ಇನ್ನೊಂದು ಸಲ ಹಾಯುವುದು ಬೇಡವೆಂದು ಹಾಗೇ ನಡೆದಳು.

ಬಿಟ್ಟು ಹೋಗ್ತಿದ್ರು. ಆ ಸ್ಫೋಟಕ್ಕೂ ಮೊದಲೇ ಅವಳು ಬಿಟ್ಟೇ ಹೋಗಿದ್ದಳಲ್ಲ, ಅದನ್ನು ಯಾರಿಗೆ ಹೇಳುವುದು? ಮಗಳನ್ನು ಕೈಯಲ್ಲಿ ಹಿಡಿದು, ಸೂಟ್‌ಕೇಸು ತುಂಬಿಕೊಂಡು, ಅಕ್ಕನ ಮನೆಯ ಬಾಗಿಲಲ್ಲಿ ನಿಂತು ‘ಇನ್ನು ನಾನು ಹೋಗಲ್ಲ’ ಎಂದಿದ್ದಳು. ದೊಡ್ಡ ಕಾರಣವೇನೂ ಇರಲಿಲ್ಲ, ಅದೇ ಹೇಳಲು ಕಷ್ಟವಾಗಿದ್ದುದು. ಅವನು ಹೊಡೆಯುವವನಲ್ಲ, ಕುಡಿಯುವವನಲ್ಲ. ಮಾರ್ಕೆಟ್ಟಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಬೇಕಾದವನಾಗಿದ್ದ. ಆದರೆ ಅವನ ನಾಲಿಗೆಗೆ ಯಾವಾಗಲೂ ಒಂದು ಆಟಿಕೆ ಬೇಕಿತ್ತು, ಆ ಆಟಿಕೆ ಅವಳಾಗಿದ್ದಳು. ಒಂದು ದಿನ ಬುತ್ತಿ ಕೊಡಲು ಅಂಗಡಿಗೆ ಹೋದಾಗ ಗಿರಾಕಿಗಳ ಮುಂದೆಯೇ ಅಕ್ಷರದ ಬೋರ್ಡಿನೆದುರು ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ, ‘ಓದೇ ನೋಡೋಣ’ ಎಂದಿದ್ದ. ಕೆಳಗಿನ ಸಾಲು ಅವಳಿಗೆ ತಪ್ಪಿತು. ‘ನೋಡಿ ಸ್ವಾಮಿ, ನಮ್ಮನೇಲಿ ಹಿಂಗೆ. ಕಣ್ಣು ನೆಟ್ಟಗಿದೆ, ತಲೆಗೇ ಪವರ್ ಇಲ್ಲ,’ ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ತಾನೂ ನಕ್ಕಿದ್ದು ಅವಳನ್ನು ಮನೆಯವರೆಗೆ ಅಟ್ಟಿಸಿಕೊಂಡು ಬಂತು. ಅಕ್ಕನ ಮನೆಯ ಟಿವಿಯಲ್ಲಿ ಹೊಗೆ ತೋರಿಸತೊಡಗಿದಾಗ ಅವಳು ಮಗಳ ತಲೆ ಬಾಚುತ್ತಿದ್ದಳು. ಮಾರ್ಕೆಟ್ಟಿನ ಹೆಸರು ತೆರೆಯ ಕೆಳಗೆ ಓಡುತ್ತಿತ್ತು. ಯಾರೋ ಚೀಲ ಇಟ್ಟು ಹೋಗಿದ್ದರಂತೆ, ಒಂದಲ್ಲ, ಮೂರು ಕಡೆ. ಮೊದಲನೆಯದು ಸಿಡಿದು ಜನ ಓಡಿ ಬಂದು ಸೇರಿದಲ್ಲೇ ಎರಡನೆಯದು. ಅಕ್ಕ ಬಾಯಿಗೆ ಕೈ ಇಟ್ಟು ಕಿರುಚಿದಳು. ಅವಳು ಕಿರುಚಲಿಲ್ಲ. ಬಾಚಣಿಗೆ ಕೂದಲಲ್ಲೇ ನಿಂತಿತು, ಅವಳ ಮೈಯ ಗಂಟುಗಳೆಲ್ಲ ಒಂದೇ ಸಲ ಸಡಿಲಗೊಂಡವು. ಇನ್ನು ವಾಪಸ್ಸು ಹೋಗಬೇಕಾಗಿಲ್ಲ. ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಅಷ್ಟೇ, ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಅವಳೂ ಎಲ್ಲರಂತೆ ಗೋಳಾಡಿದಳು, ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿದಳು, ಜೀವಂತ ಸಿಕ್ಕಿದವನ ಕಾಲ ಬಳಿ ಕುಸಿದು ಕೂತಳು. ಅಕ್ಕ ಜಾಣೆ, ಬಂದವರಿಗೆಲ್ಲ ‘ನಾಲ್ಕು ದಿನ ಇದ್ದು ಹೋಗೋಕೆ ಅಂತ ಬಂದಿದ್ಲು’ ಎಂದುಬಿಟ್ಟಳು. ಸೂಟ್‌ಕೇಸು ಹಾಗೆಯೇ ವಾಪಸ್ಸು ಬಂತು. ಬಿಟ್ಟೇ ಹೋಗಿದ್ದಳೆಂದು ಅವನಿಗೆ ಗೊತ್ತಿದೆಯೋ ಇಲ್ಲವೋ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಬಸ್ಸಿನ ರಸ್ತೆಯಲ್ಲಿ ಕಸದ ತೊಟ್ಟಿಗಳಿಲ್ಲ. ಆವತ್ತಿನ ಮೂರನೆಯ ಚೀಲ ಕಸದ ತೊಟ್ಟಿಯೊಳಗಿತ್ತೆಂದು ಊರಿನ ತೊಟ್ಟಿಗಳನ್ನೆಲ್ಲ ಕಿತ್ತು ಹಾಕಿದರು, ಮತ್ತೆ ಇಡಲೇ ಇಲ್ಲ. ಜನ ಖಾಲಿ ಲೋಟ, ಹಣ್ಣಿನ ಸಿಪ್ಪೆಗಳನ್ನು ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿ, ಕೊನೆಗೆ ಗೋಡೆಯ ಮೂಲೆಗೆ ತಳ್ಳಿ ಹೋಗುತ್ತಾರೆ. ಈಗಿನ ಹುಡುಗರಿಗೆ ಊರೆಂದರೆ ಹೀಗೇ ಇರುತ್ತದೆ ಎಂದು ಲೆಕ್ಕ. ಅಂಗಡಿಗೆ ಹೋಗುವಾಗ ತಪಾಸಣೆಗೆ ಎರಡೂ ಕೈ ಎತ್ತಿ ನಿಲ್ಲುವುದು ಅವರಿಗೆ ಕೊಡೆ ಬಿಚ್ಚುವಷ್ಟು ಸಹಜ. ಕೆಲವು ಕಾಲ ಮಾರ್ಕೆಟ್ಟಿನೊಳಗೆ ಒಳಗಿನದು ಕಾಣುವ ಚೀಲಕ್ಕೆ ಮಾತ್ರ ಪ್ರವೇಶ ಎಂದು ಕಾನೂನು ಮಾಡಿದ್ದರು. ಆಗ ಅವಳು ದಪ್ಪ ಪ್ಲಾಸ್ಟಿಕ್ಕಿನ ಚೀಲಗಳನ್ನು ರಾಶಿ ರಾಶಿ ಹೊಲಿದಿದ್ದಳು. ಹೊಲಿಯುವಾಗ ಸೂಜಿ ಪ್ಲಾಸ್ಟಿಕ್ಕಿಗೆ ಅಂಟಿ ಮಿಷನ್ನು ಬೇರೆಯೇ ರಾಗ ಎಳೆಯುತ್ತಿತ್ತು, ಆ ಸದ್ದಿಗೆ ಗಂಡ ಹೆದರಿ ಬೆವರುತ್ತಿದ್ದ. ಎಲ್ಲಿ ಹೋದ ಇವನು? ಬಸ್ ಸ್ಟಾಪಿನ ಬೆಂಚಿನಲ್ಲಿ ಇರಲಿಲ್ಲ. ಔಷಧಿ ಅಂಗಡಿಯವನು ನೋಡಿಲ್ಲ ಎಂದ. ಎದುರಿನ ದೊಡ್ಡ ಅಂಗಡಿ ಮಳಿಗೆಯ ಗಾಜಿನೊಳಗೆ, ಅವನದೇ ಬೋಳು ಹಿಂತಲೆ, ಅವನದೇ ಬೂದು ಶರ್ಟು ಕಂಡಂತಾಗಿ ಅವಳು ಹಿಂದೆಮುಂದೆ ನೋಡದೆ ನುಗ್ಗಿದಳು.

ಬಾಗಿಲಲ್ಲಿಟ್ಟಿದ್ದ ತಪಾಸಣೆಯ ಚೌಕಟ್ಟು ಕಿರ್ರೆಂದು ಕೂಗಿತು. ‘ನಿಲ್ರೀ, ನಿಲ್ಲಿ!’ ಎಂದು ಕಾವಲಿನ ಹೆಂಗಸು ಕೈ ಅಡ್ಡ ಹಿಡಿದಳು. ಆಮೇಲೆ ಅವಳ ಕಣ್ಣು ಕತ್ತರಿಯ ಮೇಲೆ ಬಿತ್ತು. ಹಿಂದೆ ಸರಿದಳು. ಸುತ್ತಲಿನವರೂ ಸರಿದರು. ಒಬ್ಬ ತಾಯಿ ಮಗುವನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. ‘ಕೆಳಗಿಡಿ ಅದನ್ನ. ನೆಲದ ಮೇಲಿಡಿ. ಕೈ ಮೇಲೆ ಮಾಡಿ.’ ‘ಹೊಲಿಗೆಯವಳು ನಾನು, ಇಲ್ಲೇ ಮುಂದಿನ ಬೀದಿ, ನಮ್ಮನೆಯವರು ಒಳಗೆ ಹೋದ್ರು,’ ಎನ್ನುತ್ತ ಅವಳು ಕತ್ತರಿಯನ್ನು ನೆಲದ ಮೇಲಿಟ್ಟಳು. ಕೈ ಎತ್ತಿ ನಿಂತಳು. ಬೆರಳುಗಳು ಅವಳ ಕಂಕುಳು, ಸೊಂಟ, ತೊಡೆಗಳ ಮೇಲೆ ಹರಿದಾಡಿದವು. ಎದೆಯ ಹತ್ತಿರ ಚುಚ್ಚಿಟ್ಟುಕೊಂಡಿದ್ದ ಗುಂಡುಪಿನ್ನು ಆ ಹೆಂಗಸಿನ ಬೆರಳಿಗೆ ತಾಗಿ ರಕ್ತ ಜಿನುಗಿತು. ‘ಏನ್ರೀ ಇದು, ಮೈ ತುಂಬ ಮುಳ್ಳು ಇಟ್ಕೊಂಡು ಓಡಾಡ್ತೀರಲ್ಲ,’ ಎಂದಳು. ಯಾರೋ ನಕ್ಕರು. ಆ ನಗು ಕಿವಿಗೆ ಬಿದ್ದಾಗ ಅವಳಿಗೆ ಅಕ್ಷರದ ಬೋರ್ಡಿನ ಮುಂದೆ ಒಂದು ಕಣ್ಣು ಮುಚ್ಚಿ ನಿಂತಂತೆಯೇ ಅನಿಸಿತು. ಈ ಸಲವೂ ತುಟಿ ತಾನಾಗಿ ನಗಲು ಹೊರಟಿತ್ತು. ಬೂದು ಶರ್ಟಿನವನು ಈ ಗಲಾಟೆಗೆ ತಿರುಗಿ ನೋಡಿದ. ಯಾರೋ ಬೇರೆ.

ಕತ್ತರಿ ವಾಪಸ್ಸು ಕೊಟ್ಟರು. ಅದನ್ನು ಟೇಪಿನಲ್ಲಿ ಸುತ್ತಿ ಹಿಡಿದುಕೊಂಡು ಬಸ್ ಸ್ಟಾಪಿನ ಬೆಂಚಿಗೆ ಬಂದು ಕೂತಳು. ಈಗ ಅವನಿಗೆ ಏನಾದರೂ ಆಗಿದ್ದರೆ? ಈ ಯೋಚನೆ ಬಂದ ಕೂಡಲೇ ಅವಳು ತನ್ನನ್ನೇ ಕದ್ದು ನೋಡಿಕೊಂಡಳು, ಆವತ್ತಿನ ಆ ಹಗುರ ಎಲ್ಲಾದರೂ ಇಣುಕುತ್ತಿದೆಯೋ ಎಂದು. ಇರಲಿಲ್ಲ. ಇದ್ದದ್ದು ಸಿಟ್ಟು. ಎಷ್ಟು ಧೈರ್ಯ ಇವನಿಗೆ, ಹೇಳದೆ ಹೋಗಲು! ಹೇಳದೆ, ಠೀವಿಯಿಂದ, ಕೆಳಮನೆಯ ಮುದುಕಿಯನ್ನು ಮಾತಾಡಿಸಿಕೊಂಡು! ಪ್ರತಿ ವರ್ಷ ಆ ದಿನ ಬಂದಾಗ ಟಿವಿಯವರು ಅದೇ ಚಿತ್ರ ತೋರಿಸುತ್ತಾರೆ. ಹೊಗೆಯ ನಡುವೆ ರಸ್ತೆಯಲ್ಲಿ ಕಾಲು ಚಾಚಿ ಕೂತ ಗಂಡಸು, ಮುಖದ ಅರ್ಧ ರಕ್ತ, ಕೈಯಲ್ಲಿ ಯಾರದೋ ಒಂದು ಚಪ್ಪಲಿ. ಅದನ್ನು ಯಾರಿಗೋ ಕೊಡಬೇಕೆನ್ನುವಂತೆ ಮುಂದಕ್ಕೆ ಹಿಡಿದಿರುತ್ತಾನೆ. ಕೇಸು ನಡೆಯಿತು, ಶಿಕ್ಷೆಯಾಯಿತು, ಮೇಲಿನ ಕೋರ್ಟಿಗೆ ಹೋಯಿತು, ಮಾರ್ಕೆಟ್ಟಿನ ಮೂಲೆಯಲ್ಲಿ ಹೆಸರುಗಳ ಕಪ್ಪು ಕಲ್ಲು ನಿಂತಿತು. ಆ ಮನುಷ್ಯ ಮಾತ್ರ ವರ್ಷವರ್ಷವೂ ಅದೇ ಚಪ್ಪಲಿ ಹಿಡಿದು ಅಲ್ಲೇ ಕೂತಿದ್ದಾನೆ. ಊರಿಗೆ ಅವಳ ಗಂಡನೆಂದರೆ ಅಷ್ಟೇ. ಅವಳಿಗೆ ಸಿಕ್ಕಿದವನೇ ಬೇರೆ. ಅವಳಿಗೆ ಸಿಕ್ಕಿದವನು ರಸ್ತೆ ದಾಟುವಾಗ ಅವಳ ಬಟ್ಟೆಯ ಅಂಚು ಹಿಡಿಯುತ್ತಿದ್ದ. ಅವಳ ಕಣ್ಣು ಮಂಜಾದಾಗ ನಗಲಿಲ್ಲ, ತಾನೇ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡಲು ಕಲಿತ. ‘ಕಾಲು ನೋಯ್ತಾ? ಸಾಕು ಮಾಡು’ ಎನ್ನುತ್ತಿದ್ದ. ಹೆದರಿ ಎಚ್ಚೆತ್ತಾಗ ಅವಳ ಅಂಗೈಯನ್ನು ತನ್ನ ಕಿವಿಯ ಮೇಲಿಟ್ಟುಕೊಂಡು ಮಲಗುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳು ಬೇಡಿಕೊಂಡದ್ದೆಲ್ಲ ಇದೇ. ಕೊಟ್ಟವರು ಯಾರು? ಮಾರ್ಕೆಟ್ಟಿನಲ್ಲಿ ಚೀಲ ಇಟ್ಟು ಹೋದವನು, ಅಷ್ಟು ಮನೆಗಳ ದೀಪ ಆರಿಸಿದವನು, ಅವಳ ಮನೆಗೆ ಒಬ್ಬ ಒಳ್ಳೆಯ ಗಂಡನನ್ನು ಬಿಟ್ಟು ಹೋಗಿದ್ದ. ಆ ಕಲ್ಲಿನ ಮುಂದೆ ಹೂವಿಡಲು ಅವಳು ಇವತ್ತಿನವರೆಗೂ ಹೋಗಿಲ್ಲ. ಗಂಡನಿಗೆ ಆಗುವುದಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ.

ಬೆಂಚಿನಿಂದ ಎದ್ದು ಮನೆಯ ಕಡೆ ತಿರುಗಿದಾಗ ಬಿಸಿಲು ಬಾಡಿತ್ತು. ಹುಡುಕುವುದಕ್ಕೆ ಇನ್ನು ಜಾಗವೂ ಇರಲಿಲ್ಲ, ಪೊಲೀಸರಿಗೆ ಹೇಳಿದರೆ ಅವರು ಟಿವಿಯವರಿಗೆ ಹೇಳುತ್ತಾರೆ. ಮೆಟ್ಟಿಲು ಹತ್ತುವಾಗಲೇ ಅವನ ದನಿ ಕೇಳಿಸಿತು, ಗುನುಗುತ್ತಿದ್ದ. ಬಾಗಿಲು ಹಾರುಹೊಡೆದಿತ್ತು. ಕಿಟಕಿಗಳೂ. ಅವನು ಕುರ್ಚಿಯಲ್ಲಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ, ಕಿಟಕಿಯ ಕಟ್ಟೆಯ ಮೇಲೆ ಶೂ ಕಾಲಲ್ಲೇ ಕೂತಿದ್ದ. ಮುಖಕ್ಕೆ ಬಿಸಿಲು ಹೊಡೆದು ಕೆಂಪಾಗಿತ್ತು. ಎಷ್ಟೋ ವರ್ಷ ಚಿಕ್ಕವನಾದಂತೆ ಕಂಡ. ಅವನನ್ನು ನೋಡಿದ್ದೇ ಅವಳಿಗೆ ಓಡಿಹೋಗಿ ತಬ್ಬಿಕೊಳ್ಳಬೇಕು ಎನಿಸಿತು. ಅವನು ತಿರುಗಿದ.

‘ಏನೇ ಇದು ಅವತಾರ? ಕತ್ತರಿ ಹಿಡ್ಕೊಂಡು ಊರ ಮೇಲೆ ಹೋಗಿದ್ಯಾ? ಯಾರ ಮೂಗು ಕುಯ್ದು ಬಂದೆ?’

ನಗುತ್ತಿದ್ದ. ಅವಳು ಅಂಗಡಿಯ ಆ ಹಳೇ ನಗುವನ್ನು ಗುರುತಿಸಿದಳು.

‘ಎಲ್ಲಿ ಹೋಗಿದ್ರಿ? ಹೇಳಿ ಹೋಗಬಾರದಾ? ನನ್ನ ಜೀವ ಬಾಯಿಗೆ ಬಂದಿತ್ತು.’

‘ಹೇಳಿದ್ರೆ ಬಿಡ್ತಿದ್ಯಾ ನೀನು? ಬಿಸಿಲು ಅಂತಿದ್ದೆ, ಮೋಡ ಅಂತಿದ್ದೆ.’ ಅವನು ಕಟ್ಟೆಯಿಂದ ಇಳಿದು ಕೋಣೆಯುದ್ದಕ್ಕೂ ನಡೆದ. ನಡೆದ ರೀತಿಯೇ ಬೇರೆ, ಶೂ ನೆಲಕ್ಕೆ ಟಕಟಕ ಹೊಡೆಯುತ್ತಿತ್ತು. ‘ಎಲ್ಲಿ ಹೋಗಿದ್ದೆ ಊಹಿಸು ನೋಡೋಣ. ಊಹೂಂ, ನಿನ್ನ ತಲೆಗೆ ಹೊಳೆಯೋ ಮಾತಲ್ಲ ಬಿಡು. ಏನೂ ಆಗಲಿಲ್ಲ ಕಣೇ. ಜನ ಓಡಾಡ್ತಾ ಇದ್ರು, ನಾನೂ ಓಡಾಡ್ದೆ. ಇನ್ಮೇಲೆ ದಿನಾ ಹೋಗ್ತೀನಿ, ಒಬ್ಬನೇ. ನೀನು ಬಾಲದ ಥರ ಹಿಂದೆ ಬರೋದು ಬೇಡ.’ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಅರ್ಧ ಬಿಚ್ಚಿದ ಪ್ಯಾಂಟು ನೇತಾಡುತ್ತಿದ್ದ ಮಿಷನ್ನನ್ನು ನೋಡಿ ಮುಖ ಕಿವುಚಿದ. ‘ಈ ದರಿದ್ರ ಕಟಕಟಾನೂ ನಿಲ್ಲಿಸು ಇನ್ನು. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ತಲೆ ಚಿಟ್ಟು ಹಿಡಿಯುತ್ತೆ. ಇಷ್ಟು ವರ್ಷ ಹೇಗೆ ತಡ್ಕೊಂಡೆನೋ, ಆ ದೇವರೇ ಬಲ್ಲ.’

ಅವಳು ಬಾಗಿಲ ಬಳಿಯೇ ನಿಂತಿದ್ದಳು. ಏನನ್ನೋ ಹೇಳಬೇಕೆಂದು ಬಾಯಿ ತೆರೆದಳು, ಬಂದದ್ದು ಅವಳು ಅಂದುಕೊಂಡ ಮಾತಲ್ಲ. ಎಲ್ಲಿಂದ ಬಂತೋ, ಹೊಲಿಗೆ ಹಾಕಿದಷ್ಟು ನೇರವಾಗಿ ಬಂತು.

‘ಮಾರ್ಕೆಟ್ಟಿನಲ್ಲಿ ಮತ್ತೆ ಬ್ಯಾಗ್ ಸಿಕ್ಕಿದೆಯಂತೆ.’

ಅವನು ನಡೆಯುವುದನ್ನು ನಿಲ್ಲಿಸಿದ.

‘ಹಳೇ ಮಾರ್ಕೆಟ್ಟಿನಲ್ಲೇ. ಜನರನ್ನೆಲ್ಲ ಓಡಿಸಿದ್ರಂತೆ. ರಸ್ತೆ ಬಂದ್ ಮಾಡಿ, ಪೊಲೀಸು, ನಾಯಿ, ಎಲ್ಲ ಬಂದಿದ್ರಂತೆ. ಅದಕ್ಕೇ ನಾನು ಹುಚ್ಚಿ ಥರ ಹುಡುಕಿದ್ದು.’

‘ಯಾವಾಗ?’

‘ಇವತ್ತೇ. ಊಟದ ಹೊತ್ತು ಕಳೆದ ಮೇಲೆ. ಈಗ ತಾನೇ ಬಸ್ ಸ್ಟಾಪಿನಲ್ಲಿ ಹೇಳ್ತಿದ್ರು.’

ಮಾರ್ಕೆಟ್ಟನ್ನೇ ಯಾಕೆ ಹೇಳಿದಳು? ಅದಕ್ಕಿಂತ ದೊಡ್ಡ ಭಯ ಅವಳ ಬಳಿ ಇರಲಿಲ್ಲ. ಅವನು ಎಲ್ಲಿಗೆ ಹೋಗಿದ್ದರೂ ಅಲ್ಲಿಗಂತೂ ಹೋಗಿರಲಾರ ಎಂಬ ಧೈರ್ಯವೂ ಇತ್ತು. ಅವನು ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ, ಹಿಂದೆ ಅಂಗಡಿಯಲ್ಲಿ ಗಾಜನ್ನು ಬೆಳಕಿಗೆ ಹಿಡಿದು ಗೀರು ಹುಡುಕುತ್ತಿದ್ದಂತೆ. ಮೆಲ್ಲಮೆಲ್ಲಗೆ ಮುಖದ ಕೆಂಪು ಇಳಿಯಿತು. ಭುಜ ಇಳಿಯಿತು. ಕುರ್ಚಿಯ ಹತ್ತಿರ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂತು ಶೂವಿನ ಲಾಡಿ ಬಿಚ್ಚತೊಡಗಿದ. ಗಂಟು ಬಿಗಿದುಕೊಂಡಿತ್ತು. ಅವಳು ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಚ್ಚಿಕೊಟ್ಟಳು. ಗೆದ್ದೆ ಎನಿಸಿತು. ಅದು ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಅವನ ಕಾಲುಚೀಲ ಬೆವರಿಗೆ ಒದ್ದೆಯಾಗಿತ್ತು, ಎಷ್ಟು ದೂರ ನಡೆದಿದ್ದನೋ ಪಾಪ. ಈಗ ಹೇಳಿಬಿಡಲೇ, ಸುಳ್ಳು ಹೇಳಿದೆ, ನಾಳೆ ನೀವು ಹೋಗಿ ಎಂದು? ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಅವನು ಕೈ ಚಾಚಿ ಅವಳ ಹಣೆಯ ಬೆವರನ್ನು ಬೆರಳಿನಿಂದ ಒರೆಸಿದ.

‘ತುಂಬ ನಡೆದೆಯಾ? ಕಾಲು ನೋಯ್ತಾ?’ ಎಂದ.

ಆ ದನಿ ಎಷ್ಟು ಮೆದುವಾಗಿತ್ತೆಂದರೆ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಇಲ್ಲ ಎಂದು ತಲೆಯಾಡಿಸಿ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಎದ್ದು ಕಿಟಕಿಗಳನ್ನು ಹಾಕಿದಳು, ಬಾಗಿಲು ಹಾಕಿದಳು, ಟೀಗೆ ನೀರಿಟ್ಟಳು. ಎಲ್ಲವೂ ತನ್ನ ತನ್ನ ಜಾಗಕ್ಕೆ ಬಂತು. ಅಡುಗೆಮನೆಯ ಬೆಳಕಿನಲ್ಲಿ ನಿಂತು, ಇದು ಅವರಿಗೂ ಒಳ್ಳೆಯದೇ ಎಂದುಕೊಂಡಳು. ಹೊರಗೆ ಹೋಗಿ ನಿಜವಾಗಿ ಏನಾದರೂ ಆಗಿದ್ದರೆ? ಹೀಗೆ ಎರಡು ಸಲ ಅಂದುಕೊಂಡ ಮೇಲೆ ಸ್ವಲ್ಪ ನಂಬಿಕೆಯೂ ಬಂತು.

ಟೀ ಲೋಟ ತಂದಿಡುವಾಗ ಮೇಜಿನ ಮೇಲಿನ ಫೋನು ಬೆಳಗಿತು. ಮಗಳು. ಪಾಠ ಮುಗಿಸಿ ಮನೆ ಮುಟ್ಟಿದ ಕೂಡಲೇ ಅವಳು ಫೋನು ಮಾಡಬೇಕು. ಮದುವೆಯಾಗಿ ಊರಿನ ಆ ತುದಿಗೆ ಹೋದ ಮೇಲೂ ಅದು ತಪ್ಪಿಲ್ಲ. ಮುಟ್ಟಿದೆ ಎಂಬ ಒಂದು ಮಾತಿಗೆ ಇಲ್ಲಿ ಇಬ್ಬರು ಉಸಿರು ಬಿಗಿಹಿಡಿದಿರುತ್ತಾರೆ ಎಂದು ಅವಳಿಗೆ ಗೊತ್ತು. ಗಂಡ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಗುಂಡಿ ಒತ್ತಿದ. ಎಲ್ಲರಿಗೂ ಕೇಳುವ ಹಾಗೆ ದೊಡ್ಡದಾಗಿ ಇಟ್ಟರೇ ಅವನಿಗೆ ಕೇಳುವುದು.

‘ಮುಟ್ಟಿದೆ ಅಪ್ಪ. ಏನಪ್ಪ, ಕೆಳಮನೆ ಅಜ್ಜಿ ಫೋನು ಮಾಡಿದ್ರು ನಂಗೆ! ಒಬ್ಬನೇ ಹೋಗಿದ್ಯಂತೆ? ನಿಜವಾಗ್ಲೂ? ಎಲ್ಲಿಗೆ ಹೋಗಿದ್ದೆ?’ ದನಿಯಲ್ಲಿ ಕುಣಿತವಿತ್ತು.

‘ಹಳೇ ಮಾರ್ಕೆಟ್ಟಿಗೆ,’ ಎಂದ ಅವನು.

ಅವಳ ಕೈಯಲ್ಲಿದ್ದ ಲೋಟದ ಟೀ ತುಳುಕಿ ಬೆರಳು ಸುಟ್ಟಿತು. ಲೋಟವನ್ನು ಕೆಳಗಿಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

‘ಮಾರ್ಕೆಟ್ಟಿಗಾ? ಅಪ್ಪಾ!’ ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ. ‘ಎಷ್ಟು ಹೊತ್ತು ಇದ್ದೆ? ಭಯ ಆಗಲಿಲ್ವಾ?’

‘ಊಟ ಮುಗಿಸಿ ಹೋದವನು ಸಾಯಂಕಾಲದವರೆಗೂ ಅಲ್ಲೇ ಇದ್ದೆ. ನಮ್ಮ ಅಂಗಡಿ ಇತ್ತಲ್ಲ, ಅದರ ಎದುರಿಗೇ ಒಂದು ಬೆಂಚು ಹಾಕಿದ್ದಾರೆ ಈಗ. ಅದರ ಮೇಲೆ ಕೂತಿದ್ದೆ. ಪೂರಾ ಮಾರ್ಕೆಟ್ಟು ಕಾಣುತ್ತೆ ಅಲ್ಲಿಂದ.’

ಹೇಳುತ್ತ ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ಕಾದಳು. ಈಗ ಬರುತ್ತದೆ, ಈಗ ಮಗಳ ಮುಂದೆ ನನ್ನನ್ನು ನಿಲ್ಲಿಸುತ್ತಾರೆ, ನಿಲ್ಲಿಸಲಿ ಎಂದುಕೊಂಡಳು. ಒಂದು ಬಗೆಯಲ್ಲಿ ಅವಳಿಗೆ ಅದೇ ಬೇಕಾಗಿತ್ತು.

‘ಮತ್ತೆ? ಏನಾಯ್ತು ಹೇಳಪ್ಪ, ಎಲ್ಲ ಹೇಳು.’

‘ಏನೋ ಬ್ಯಾಗ್ ಸಿಕ್ತಮ್ಮ,’ ಎಂದ ಅವನು. ‘ಜನರನ್ನೆಲ್ಲ ಓಡಿಸಿದ್ರು. ಪೊಲೀಸು, ನಾಯಿ, ಎಲ್ಲ ಬಂತು.’

ಆ ಕಡೆ ಕುಣಿತ ನಿಂತುಹೋಯಿತು. ‘ಬ್ಯಾಗಾ? ಇವತ್ತಾ? ನ್ಯೂಸಲ್ಲಿ ಏನೂ ಬಂದಿಲ್ವಲ್ಲಪ್ಪ. ನಾನು ಈಗ ತಾನೇ ನೋಡ್ದೆ.’

‘ಎಲ್ಲಾನೂ ನ್ಯೂಸಲ್ಲಿ ಬರುತ್ತಾ? ಕಣ್ಣಾರೆ ನೋಡಿದೀನಿ ನಾನು. ಕೆಂಪು ಬ್ಯಾಗು. ನಮ್ಮ ಅಂಗಡಿ ಮೆಟ್ಟಿಲ ಮೇಲೇ ಇತ್ತು. ಇನ್ನು ಆ ಡಾಕ್ಟರಿಗೆ ಹೇಳಿಬಿಡು, ಇದೆಲ್ಲ ಬೇಡ ಅಂತ. ನಾನು ಎಲ್ಲೂ ಹೋಗಲ್ಲ. ನಿಮ್ಮಮ್ಮ ಇರ್ತಾಳಲ್ಲ ನನ್ನ ಜೊತೆ.’

ಅವನ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳು ಹುಡುಕಿದಳು. ಇದು ಗಿರಾಕಿಗಳ ಮುಂದೆ ಅವಳನ್ನು ನಿಲ್ಲಿಸಿದ ಗಂಡನ ಆಟವೋ, ಅವಳ ಅಂಗೈಯನ್ನು ಕಿವಿಯ ಮೇಲಿಟ್ಟುಕೊಂಡು ಮಲಗುವವನ ಕರುಣೆಯೋ, ತಿಳಿಯಲಿಲ್ಲ. ಇಬ್ಬರೂ ಒಂದೇ ಕಣ್ಣುಗಳಿಂದ ಅವಳನ್ನು ನೋಡುತ್ತಿದ್ದರು. ಇನ್ನುಮುಂದೆ ದಿನಾ ನೋಡುತ್ತಾರೆ, ಈ ಮುಚ್ಚಿದ ಬಾಗಿಲ ಒಳಗೆ, ಸಾಯುವವರೆಗೆ.

‘ಅಮ್ಮ ಎಲ್ಲಿ? ಅಮ್ಮನಿಗೆ ಕೊಡು,’ ಎಂದಳು ಮಗಳು. ಅಳು ದನಿ. ‘ನಂಗೆ ನಂಬಿಕೆ ಬರ್ತಿಲ್ಲ.’

‘ಕೇಳು, ಅವಳಿಗೂ ಗೊತ್ತು,’ ಎನ್ನುತ್ತ ಅವನು ಅವಳ ಕೈಯಿಂದ ಟೀ ಲೋಟ ಬಿಡಿಸಿಕೊಂಡು, ಆ ಜಾಗದಲ್ಲಿ ಫೋನನ್ನು ಇಟ್ಟ.

‘ಅಮ್ಮಾ? ಅಪ್ಪ ಹೇಳ್ತಿರೋದು ನಿಜಾನಾ? ಅಮ್ಮಾ?’

‘ಹೌದು,’ ಎಂದಳು ಅವಳು. ‘ಕೆಂಪು ಬ್ಯಾಗು.’